ಪದ ಪರಿಚಯ: ಗಮನ

'ಗಮನ' ಎಂದರೆ ಸಂಸ್ಕೃತದಲ್ಲಿ ಹೋಗುವಿಕೆ. ಆಗಮನ, ನಿರ್ಗಮನಗಳಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಕನ್ನಡದಲ್ಲಿ ಗಮನ ಕೊಡುತ್ತೇವೆ, ಹರಿಸುತ್ತೇವೆ, ಸೆಳೆಯುತ್ತೇವೆ. ಹೋಗುವುದು ಕಾಲಲ್ಲ, ಮನಸ್ಸು. ಮಿದುಳಿನ ವಿಜ್ಞಾನಕ್ಕೆ ಇದಕ್ಕಿಂತ ಒಪ್ಪುವ ಪದ ಇರಲಾರದು ಎಂದು ನನಗೆ ಅನ್ನಿಸುತ್ತದೆ. ಕಣ್ಣು ಕದಲದಿದ್ದರೂ ಗಮನ ಹೋಗಬಲ್ಲದು.

ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ತಮ್ಮ ಮೇಲೆಯೇ ಪ್ರಯೋಗಿಸಿ ಕಂಡುಕೊಂಡರು. ಕತ್ತಲಲ್ಲಿ ಒಂದು ಬಿಂದುವಿನ ಮೇಲೆ ದೃಷ್ಟಿ ನೆಟ್ಟು, ಗಮನವನ್ನು ಮಾತ್ರ ಬೇರೊಂದು ಕಡೆಗೆ ಕಳುಹಿಸುತ್ತಿದ್ದರು. ವಿದ್ಯುತ್ ಕಿಡಿ ಕ್ಷಣಮಾತ್ರ ಬೆಳಗಿದಾಗ ಆ ಕಡೆಯ ಅಕ್ಷರಗಳನ್ನು ಓದಬಲ್ಲವರಾಗಿದ್ದರು. ಕಣ್ಣು ಹೊರಳುವಷ್ಟು ಹೊತ್ತೂ ಆ ಬೆಳಕು ಇರುತ್ತಿರಲಿಲ್ಲ.

ಆಗ ಮಿದುಳಿನೊಳಗೆ ಏನಾಗುತ್ತದೆ? 1985ರಲ್ಲಿ ಜೆಫ್ರಿ ಮೊರಾನ್ ಮತ್ತು ರಾಬರ್ಟ್ ಡೆಸಿಮೋನ್ ಕೋತಿಗಳ ಮಿದುಳಿನ ವಿ4 ಎಂಬ ದೃಷ್ಟಿಪ್ರದೇಶದಲ್ಲಿ ಒಂದೊಂದೇ ನರಕೋಶದ ಮಿಡಿತವನ್ನು ದಾಖಲಿಸಿದರು. ಪ್ರತಿ ಕೋಶವೂ ನೋಟದ ಒಂದು ಚಿಕ್ಕ ತುಂಡನ್ನಷ್ಟೇ ಕಾಯುತ್ತದೆ. ಅದು ಅದರ ಗ್ರಹಣಕ್ಷೇತ್ರ. ಕೆಂಪಿಗೆ ಜೋರಾಗಿ ಮಿಡಿಯುವ, ಹಸಿರಿಗೆ ಸುಮ್ಮನಿರುವ ಕೋಶವೊಂದನ್ನು ನೆನೆಯೋಣ. ಕೆಂಪು, ಹಸಿರು ಎರಡೂ ಪಟ್ಟಿಗಳು ಅದರ ಕ್ಷೇತ್ರದಲ್ಲಿವೆ. ಕೋತಿಯ ಗಮನ ಕೆಂಪಿನ ಮೇಲಿದ್ದರೆ ಕೋಶ ಜೋರಾಗಿ ಮಿಡಿಯುತ್ತದೆ. ಗಮನ ಹಸಿರಿಗೆ ಸರಿದೊಡನೆ ಮಿಡಿತ ಕುಗ್ಗಿಬಿಡುತ್ತದೆ. ಕೆಂಪು ಪಟ್ಟಿ ಅಲ್ಲೇ ಇದೆ, ಕಣ್ಣೂ ಅಲ್ಲೇ ಇದೆ, ಅಕ್ಷಿಪಟಲದ ಮೇಲೆ ಬೀಳುವ ಬೆಳಕೂ ಅದೇ. ಆದರೂ ಆ ಕೋಶದ ಮಟ್ಟಿಗೆ ಕೆಂಪು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಎಷ್ಟು ಸಲ ಓದಿದರೂ ನನಗೆ ಈ ಫಲಿತಾಂಶದ ಬೆರಗು ಆರಿಲ್ಲ. ನೋಡುವುದೆಲ್ಲ ಮುಗಿದ ಮೇಲೆ ಮನಸ್ಸು ಆರಿಸಿಕೊಳ್ಳುತ್ತದೆ ಎಂದುಕೊಂಡಿದ್ದೆವು. ಆಯ್ಕೆ ನೋಟದೊಳಗೇ ನಡೆಯುತ್ತಿದೆ.

ಈ ಅಪ್ಪಣೆ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಸುಳಿವಿದೆ. ಕಣ್ಣಿನ ಚಲನೆಯನ್ನು ನಿರ್ದೇಶಿಸುವ ಪ್ರದೇಶವೊಂದು ಮಿದುಳಿನ ಮುಂಭಾಗದಲ್ಲಿದೆ. ಕಣ್ಣನ್ನು ಹೊರಳಿಸಲು ಸಾಲದಷ್ಟು ಸಣ್ಣ ವಿದ್ಯುತ್ತನ್ನು ಅಲ್ಲಿ ಹಾಯಿಸಿದಾಗ, ಕಣ್ಣು ಹೊರಳಬೇಕಿದ್ದ ಜಾಗವನ್ನೇ ಕಾಯುವ ವಿ4 ಕೋಶಗಳ ಸ್ಪಂದನ ಹೆಚ್ಚಿತು. ಟಿರಿನ್ ಮೂರ್ ಮತ್ತು ಕ್ಯಾಥರಿನ್ ಆರ್ಮ್‌ಸ್ಟ್ರಾಂಗ್ ಇದನ್ನು 2003ರಲ್ಲಿ ಪ್ರಕಟಿಸಿದರು.

ಗಮನ ಹೋಗುವುದು ಜಾಗಕ್ಕೆ ಮಾತ್ರವಲ್ಲ, ವಸ್ತುವಿಗೂ ಹೌದು. 1999ರ ಒಂದು ಪ್ರಯೋಗದಲ್ಲಿ ಮುಖದ ಚಿತ್ರವನ್ನೂ ಮನೆಯ ಚಿತ್ರವನ್ನೂ ಒಂದರ ಮೇಲೊಂದು ಪಾರದರ್ಶಕವಾಗಿ ಕೂಡಿಸಿ ಜನರಿಗೆ ತೋರಿಸಿದರು. ಮುಖಕ್ಕೆ ಗಮನ ಕೊಟ್ಟಾಗ ಮಿದುಳಿನಲ್ಲಿ ಮುಖಗಳಿಗೆ ಮೀಸಲಾದ ಭಾಗ ಹೆಚ್ಚು ಚುರುಕಾಯಿತು. ಮನೆಗೆ ಕೊಟ್ಟಾಗ, ಕಟ್ಟಡ ಮತ್ತು ಸ್ಥಳಗಳಿಗೆ ಸ್ಪಂದಿಸುವ ಭಾಗ.