ಪ್ಯಾಕ್ ಬಿಚ್ಚದ ಖರ್ಜೂರದಲ್ಲೂ ಹುಳ ಬರುತ್ತಲ್ಲ, ಏನ್ ಮಾಡೋದು?

ಓದುಗರ ಪ್ರಶ್ನೆ: ದುಬೈಯಿಂದ ಅಣ್ಣ ತಂದ ಖರ್ಜೂರ ಡಬ್ಬಿಲಿ ಹಾಕಿಟ್ಟಿದ್ವಿ, ಎರಡು ತಿಂಗಳಿಗೆ ಹುಳ ಬಿದ್ದಿದೆ. ಬಿಚ್ಚದೇ ಇದ್ದ ಇನ್ನೊಂದು ಬಾಕ್ಸಲ್ಲೂ ಅದೇ ಕತೆ. ಬಿಸಿಲಿಗೆ ಹಾಕಿದ್ರೆ ಹೋಗುತ್ತಾ? ಫ್ರೀಜರಲ್ಲಿ ಇಟ್ರೆ ಹಣ್ಣಿನ ರುಚಿ ಕೆಡಲ್ವಾ?

ಉತ್ತರ: ಫ್ರೀಜರಲ್ಲೇ ಇಡಿ, ರುಚಿ ಏನೂ ಕೆಡಲ್ಲ. ಬಿಸಿಲು ಬೇಡ.

ಬಿಚ್ಚದ ಬಾಕ್ಸಲ್ಲಿ ಬಂದಿದೆ ಅಂದ್ರೆ ಹುಳ ನಿಮ್ಮನೆದೇ ಆಗಿರಬೇಕು ಅಂತೇನಿಲ್ಲ. ಖರ್ಜೂರಕ್ಕೆ ಬೀಳೋ ಬೂದು ಬಣ್ಣದ ಸಣ್ಣ ಪತಂಗ ಇದ್ಯಲ್ಲ, ಅದು ತೋಟದಲ್ಲಿ, ಒಣಗಿಸೋ ಅಂಗಳದಲ್ಲಿ, ಗೋಡೌನಲ್ಲಿ ಎಲ್ಲಾ ಕಡೆ ಮೊಟ್ಟೆ ಇಡುತ್ತೆ, ಮೊಟ್ಟೆ ಕಣ್ಣಿಗೆ ಕಾಣಲ್ಲ, ನಮ್ಮ ಕಡೆ ಸೆಕೆಗೆ ಸುಮಾರು ಒಂದು ತಿಂಗಳಲ್ಲಿ ಮೊಟ್ಟೆಯಿಂದ ಮತ್ತೆ ಪತಂಗ ಆಗ್ಬಿಡುತ್ತೆ. ಒಂದು ಹಣ್ಣನ್ನ ಉದ್ದಕ್ಕೆ ಸೀಳಿ ನೋಡಿ: ಬೀಜದ ಸುತ್ತ ಕಂದು-ಕಪ್ಪು ಪುಡಿ, ಸಣ್ಣ ನೂಲು, ಅದರೊಳಗೆ ಕಂದು ತಲೆಯ ಬಿಳಿ ಹುಳ ಇದ್ರೆ ಅದು ಪತಂಗದ ಮರಿ. ಮೂರು ಮಿಲಿಮೀಟರ್ ಉದ್ದದ ಚಪ್ಪಟೆ ಕಂದು ದುಂಬಿ ಓಡಾಡ್ತಿದ್ರೆ ಅದು ಬೇರೆ, ಕತ್ತಿನ ಎರಡೂ ಬದಿಗೆ ಗರಗಸದ ಹಲ್ಲಿನ ತರ ಇರುತ್ತೆ, ಅಕ್ಕಿ-ರವೆ ಡಬ್ಬಿಲೂ ಬರುತ್ತೆ, ಉತ್ತತ್ತಿಗೂ ಬೀಳುತ್ತೆ.

ದೊಡ್ಡ ಪ್ಯಾಕಿಂಗ್ ಹೌಸುಗಳಿಗೂ ಇದೇ ತಲೆನೋವು. ಮುಂಚೆ ಮೀಥೈಲ್ ಬ್ರೋಮೈಡ್ ಗ್ಯಾಸ್ ಬಿಡ್ತಿದ್ರು, ಒಂದೇ ದಿನದಲ್ಲಿ ಕೆಲಸ ಮುಗೀತಿತ್ತು, ಆದ್ರೆ ಅದು ಓಝೋನ್ ಪದರ ಹಾಳು ಮಾಡುತ್ತೆ ಅಂತ ಮಾಂಟ್ರಿಯಲ್ ಒಪ್ಪಂದದಡಿ ಮುಂದುವರಿದ ದೇಶಗಳು 2005ಕ್ಕೆ, ಉಳಿದವು 2015ಕ್ಕೆ ಅದನ್ನ ನಿಲ್ಲಿಸಬೇಕಾಯ್ತು, ರಫ್ತಿಗೆ ಮುಂಚಿನ ಕ್ವಾರಂಟೈನ್ ತರದ ಕೆಲವಕ್ಕೆ ಮಾತ್ರ ವಿನಾಯಿತಿ. ಆ ಗ್ಯಾಸಿಗೆ ಇನ್ನೊಂದು ಗುಣ ಇತ್ತು, ದುಂಬಿಗಳು ಹಣ್ಣು ಬಿಟ್ಟು ಹೊರಗೆ ಬರ್ತಿದ್ವು. ಖರ್ಜೂರದಲ್ಲಿ ಇದು ತುಂಬಾ ಮುಖ್ಯ, ಹುಳ ಒಳಗೇ ಸತ್ತು ಬಿದ್ರೆ ಯಾರು ತಿಂತಾರೆ? ಇಸ್ರೇಲ್‌ನವರು ಕಂಡುಕೊಂಡ ದಾರಿ ನಂಗೆ ಬಹಳ ಇಷ್ಟ: ಹಣ್ಣನ್ನ ಸುಮಾರು 50 ಡಿಗ್ರಿಗೆ ಒಂದೆರಡು ಗಂಟೆ ಬಿಸಿ ಗಾಳಿಲಿ ಇಟ್ರೆ ದುಂಬಿಗಳು ಸೆಕೆ ತಡೀದೆ ಹೆಚ್ಚಿನವು ಹೊರಗೆ ಓಡ್ಬರ್ತವೆ, ಉಳಿದವು ಸಾಯ್ತವೆ, ವಿಷದ ಮಾತೇ ಇಲ್ಲ. ಆದ್ರೆ 60 ಡಿಗ್ರಿ ದಾಟಿದ್ರೆ ಬಣ್ಣ ಕಪ್ಪಾಗಿ ಸಿಪ್ಪೆ ತಿರುಳು ಬಿಟ್ಟು ಉಬ್ಬಿಕೊಳ್ಳೋಕೆ ಶುರು, ಅದಕ್ಕೇ ಮನೆ ಓವನಲ್ಲಿ ಇದನ್ನ ಮಾಡೋಕೆ ಹೋಗ್ಬೇಡಿ, ಅಷ್ಟು ಕಮ್ಮಿ ಬಿಸಿನ ಒಂದೇ ಸಮ ಹಿಡಿಯೋದು ಕಷ್ಟ.

ತಾರಸಿ ಬಿಸಿಲಲ್ಲೂ ಅದೇ ತೊಂದರೆ, ಮೇಲ್ಗಡೆ ಸುಡುತ್ತೆ, ಬೀಜದ ಹತ್ರ ಸಾಕಷ್ಟು ಬಿಸಿ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಹಣ್ಣು ಒಣಗಿ ಗಟ್ಟಿಯಾಗುತ್ತೆ, ಸಂಜೆವರೆಗೂ ಬಿಟ್ರೆ ಪತಂಗ ಮತ್ತೆ ಬಂದು ಕೂರುತ್ತೆ.

ಮೈನಸ್ 18ರಲ್ಲಿ, ತಿರುಳು ಪೂರ್ತಿ ತಣ್ಣಗಾದ ಮೇಲೆ ಎರಡು ದಿನ ಇದ್ರೆ ಮೊಟ್ಟೆನೂ ಸೇರಿ ಎಲ್ಲಾ ಸಾಯುತ್ತೆ. ಮನೆ ಫ್ರಿಜ್ಜಿನ ಫ್ರೀಜರ್ ಅಷ್ಟು ತಣ್ಣಗಿರುತ್ತೆ ಅಂತ ಹೇಳೋಕಾಗಲ್ಲ, ಹಂಗಾಗಿ ಒಂದು ವಾರ ಬಿಡಿ. ಅರ್ಧರ್ಧ ಕೆಜಿ ಮಾಡಿ ಜಿಪ್ ಕವರಲ್ಲಿ ಗಾಳಿ ಒತ್ತಿ ತೆಗೆದು ಇಡಿ. ಖರ್ಜೂರದಲ್ಲಿ ಸಕ್ಕರೆ ಜಾಸ್ತಿ, ನೀರು ಕಮ್ಮಿ, ಬೇರೆ ಹಣ್ಣಿನ ತರ ಐಸ್ ಕಟ್ಟಿ ಒಡೆದು ಮೆತ್ತಗಾಗಲ್ಲ. ಹೊರಗೆ ತೆಗೆದ ತಕ್ಷಣ ಮಾತ್ರ ಕವರ್ ಬಿಚ್ಬೇಡಿ! ರೂಮಿನ ಬಿಸಿಗೆ ಬರೋವರೆಗೂ ಮುಚ್ಚಿರಲಿ, ಇಲ್ಲಾಂದ್ರೆ ಗಾಳಿಯ ತೇವ ಹಣ್ಣಿನ ಮೇಲೇ ಕೂತು ಅಂಟಂಟಾಗಿ ಕೊನೆಗೆ ಬೂಸ್ಟು ಹಿಡಿಯುತ್ತೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಲಿ ಫ್ರಿಜ್ಜಲ್ಲಿಡಿ. ಫ್ರಿಜ್ ಹುಳನ ಬೇಗ ಕೊಲ್ಲಲ್ಲ, ಬೆಳೆಯೋದನ್ನ ತಡೆಯುತ್ತೆ ಅಷ್ಟೇ, ಅದಕ್ಕೇ ಫ್ರೀಜರ್ ಮೊದಲು.

ಅಕ್ಕಿ ಮೂಟೆಗೆ ಇಡೋ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆನ ಯಾರಾದ್ರೂ ತಂದುಕೊಟ್ರೆ ದಯವಿಟ್ಟು ಮನೆ ಒಳಗೇ ತರ್ಬೇಡಿ. ಅದು ಬಿಡೋ ಗ್ಯಾಸಿಗೆ ಮಲಗಿದ್ದವರೇ ಸತ್ತಿದ್ದಾರೆ, ಚಿಕ್ಕ ಮಕ್ಕಳು ಕೂಡ.

ಸಿಪ್ಪೆ ಮೇಲೆ ಬಿಳಿ ಚುಕ್ಕೆ ಕಂಡ್ರೆ ಮೊಟ್ಟೆ ಅಂತ ಎಸೀಬೇಡಿ, ಹೆಚ್ಚಿನ ಸಲ ಅದು ಹರಳುಗಟ್ಟಿದ ಸಕ್ಕರೆ, ಸ್ವಲ್ಪ ಬೆಚ್ಚಗೆ ಮಾಡಿದ್ರೆ ಕರಗುತ್ತೆ. ಈಗಾಗ್ಲೇ ನೂಲು ಕಟ್ಟಿರೋ ಆ ಎರಡು ಬಾಕ್ಸನ್ನ ಮಾತ್ರ ಉಳಿಸೋಕೆ ಹೋಗ್ಬೇಡಿ, ಫ್ರೀಜರ್ ಹುಳ ಕೊಲ್ಲುತ್ತೆ, ಒಳಗಿನ ಹಿಕ್ಕೆ ತೆಗೆಯಲ್ಲ. ಕವರಲ್ಲಿ ಬಿಗಿಯಾಗಿ ಕಟ್ಟಿ ಇವತ್ತೇ ಹೊರಗೆ ಹಾಕಿ, ಪಕ್ಕದಲ್ಲಿದ್ದ ಗೋಡಂಬಿ, ದ್ರಾಕ್ಷಿ, ರವೆ ಡಬ್ಬಿಗಳನ್ನೂ ಒಮ್ಮೆ ಬಿಚ್ಚಿ ನೋಡಿ.