ಜಿಪಿಎ ಮೇಲೆ ಕೈ ಬದಲಾದ ಸರ್ಕಾರಿ ಫ್ಲ್ಯಾಟ್‌ಗಳು: ಈ ಗೋಜಲು ಶುರುವಾಗಿದ್ದು ಹೇಗೆ?

ಪ್ರಾಧಿಕಾರದವರು ಕಟ್ಟಿದ ಫ್ಲ್ಯಾಟ್ ಮಾರಾಟಕ್ಕಿದೆ. ಜಾಗ ಚೆನ್ನಾಗಿದೆ, ಪಕ್ಕದ ಖಾಸಗಿ ಅಪಾರ್ಟ್‌ಮೆಂಟಿಗಿಂತ ರೇಟು ಕಡಿಮೆ. "ರಿಜಿಸ್ಟ್ರೇಷನ್ ಈಗ ಆಗಲ್ಲ ಸಾರ್, ಜಿಪಿಎ ಮೇಲೆ ಮಾಡಿಕೊಡ್ತೀವಿ, ಎಲ್ಲರೂ ಹಾಗೇ ತಗೊಂಡಿರೋದು" ಅಂತ ಬ್ರೋಕರ್ ಹೇಳಿದರೆ ಅಲ್ಲೇ ನಿಲ್ಲಿ. ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನನ್ನ ಪರವಾಗಿ ವ್ಯವಹಾರ ಮಾಡಬಹುದು ಅಂತ ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. ಆ ಕಡಿಮೆ ರೇಟಿನ ಹಿಂದೆ ಹಲವು ದಶಕಗಳ ಕಥೆ ಇದೆ. ಅದು ಗೊತ್ತಿಲ್ಲದೆ ದುಡ್ಡು ಕೊಟ್ಟವರು ಆ ಮನೆಯಲ್ಲಿ ವಾಸ ಮಾಡುತ್ತಾರೆ, ಕರೆಂಟ್ ಬಿಲ್ಲು, ಕಂದಾಯ ಎಲ್ಲ ಕಟ್ಟುತ್ತಾರೆ, ಆದರೆ ಕಾನೂನಿನ ಕಣ್ಣಲ್ಲಿ ಅದರ ಮಾಲೀಕರು ಬೇರೆ ಯಾರೋ ಆಗಿರುತ್ತಾರೆ.

ಇದರ ಬೇರು ಜಾಸ್ತಿ ಆಳಕ್ಕೆ ಹೋಗಿರುವುದು ದೆಹಲಿಯಲ್ಲಿ. 1957ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಡಿಡಿಎ, ಶುರುವಾಯಿತು. ಊರು ಬೆಳೆಯುವುದಕ್ಕೆ ಬೇಕಾದ ಜಮೀನನ್ನೆಲ್ಲ ಸರ್ಕಾರವೇ ಸ್ವಾಧೀನ ಮಾಡಿಕೊಂಡು, ಅದರಲ್ಲಿ ಫ್ಲ್ಯಾಟ್ ಕಟ್ಟಿ ಹಂಚುವುದು ಯೋಜನೆ. ಹಂಚಿದ್ದು ಗುತ್ತಿಗೆ ಮೇಲೆ. ಮನೆ ನಿಮಗೆ, ನೆಲದ ಒಡೆತನ ಮಾತ್ರ ಸರ್ಕಾರಕ್ಕೆ. ಮಾರಬೇಕಾದರೆ ಅನುಮತಿ ಬೇಕು, ಜೊತೆಗೆ ನೆಲದ ಬೆಲೆ ಏರಿದ್ದರಲ್ಲಿ ದೊಡ್ಡ ಪಾಲನ್ನು, ಸಾಮಾನ್ಯವಾಗಿ ಅರ್ಧವನ್ನು, ಪ್ರಾಧಿಕಾರಕ್ಕೆ ಕಟ್ಟಬೇಕು.

ಉದ್ದೇಶ ಕೆಟ್ಟದ್ದೇನಲ್ಲ. ಕಡಿಮೆ ದರಕ್ಕೆ ಮನೆ ಪಡೆದವರು ಮರುದಿನವೇ ಲಾಭಕ್ಕೆ ಮಾರಬಾರದು, ದುಡ್ಡಿದ್ದವರು ಬಡವರ ಹೆಸರಲ್ಲಿ ಮನೆ ಗುಡ್ಡೆ ಹಾಕಬಾರದು ಅನ್ನುವುದು ಸರಿಯಾದ ಯೋಚನೆಯೇ. ಆದರೆ ಬದುಕು ನಿಯಮ ನೋಡಿಕೊಂಡು ನಡೆಯುವುದಿಲ್ಲ ಅಲ್ವಾ? 1979ರ ಡಿಡಿಎ ಯೋಜನೆಗೆ ಸುಮಾರು 1.7 ಲಕ್ಷ ಜನ ಹೆಸರು ನೋಂದಾಯಿಸಿದ್ದರು. ಅವರಲ್ಲಿ ಎಷ್ಟೋ ಜನ ಮನೆಗಾಗಿ ಎರಡು ದಶಕ ಕಾದರು. ಅಷ್ಟರಲ್ಲಿ ಕೆಲಸ ಬೇರೆ ಊರಿಗೆ ವರ್ಗವಾಗಿರುತ್ತದೆ, ಮಗಳ ಮದುವೆ ಬಂದಿರುತ್ತದೆ, ಆಸ್ಪತ್ರೆ ಖರ್ಚು ಮೈಮೇಲೆ ಬಿದ್ದಿರುತ್ತದೆ. ಮಾರಲೇಬೇಕು, ಆದರೆ ನೆಟ್ಟಗೆ ಮಾರುವ ದಾರಿ ಉದ್ದ, ದುಬಾರಿ. ಆಗ ಹುಟ್ಟಿಕೊಂಡಿದ್ದೇ ಜಿಪಿಎ ದಾರಿ.

ಆ ಕಾಗದದ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಬೇಕು. ಮೊದಲು ಮಾರಾಟದ ಕರಾರು, ಪೂರ್ತಿ ಹಣ ಮುಟ್ಟಿದೆ ಅನ್ನುವ ರಸೀದಿ, ಮನೆ ಬಿಟ್ಟುಕೊಟ್ಟ ಪತ್ರ. ಆಮೇಲೆ ಜನರಲ್ ಪವರ್ ಆಫ್ ಅಟಾರ್ನಿ: ಈ ಮನೆಯ ಎಲ್ಲ ವ್ಯವಹಾರ ನನ್ನ ಪರವಾಗಿ ಇವರೇ ಮಾಡಬಹುದು ಅಂತ. ಕೊನೆಗೆ ಒಂದು ವಿಲ್! ಮಾರಿದವರು ಬದುಕಿರುವಾಗಲೇ, ತಮ್ಮ ಕಾಲಾನಂತರ ಈ ಮನೆ ಇಂಥವರಿಗೆ ಸೇರತಕ್ಕದ್ದು ಅಂತ, ಯಾವ ಸಂಬಂಧವೂ ಇಲ್ಲದ ಖರೀದಿದಾರರ ಹೆಸರಿಗೆ ಬರೆದಿರುತ್ತಾರೆ. ಯಾಕೆ ಅಂದರೆ ಜಿಪಿಎ ಕೊಟ್ಟವರು ಸತ್ತರೆ ಸಾಮಾನ್ಯವಾಗಿ ಅದರ ಜೀವವೂ ಹೋಗುತ್ತದೆ. ಆ ತೂತು ಮುಚ್ಚಲು ವಿಲ್. ಆದರೆ ವಿಲ್ ಬರೆದವರು ಬದುಕಿರುವಷ್ಟು ದಿನ ಅದನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು! ಅಂದರೆ ಒಂದು ಕಾಗದ ಸಾವಿನಿಂದ ಬಿದ್ದುಹೋಗುತ್ತದೆ, ಇನ್ನೊಂದು ಮನಸ್ಸು ಬದಲಾದರೆ. ಇಂಥ ಕಟ್ಟಿನ ಮೇಲೆ ಒಂದೇ ಮನೆ ಮೂರು ನಾಲ್ಕು ಕೈ ಬದಲಾಗುತ್ತಿತ್ತು.

ಇದೆಲ್ಲ ಸರ್ಕಾರಕ್ಕೆ ಗೊತ್ತಿರಲಿಲ್ಲ ಅಂತಲ್ಲ. 1992ರಲ್ಲಿ ಗುತ್ತಿಗೆ ಮನೆಗಳನ್ನು ಪೂರ್ಣ ಒಡೆತನಕ್ಕೆ ಬದಲಾಯಿಸಿಕೊಳ್ಳುವ ಯೋಜನೆ ಬಂತು. ಜಿಪಿಎ ಇಟ್ಟುಕೊಂಡವರಿಗೂ ಅವಕಾಶ ಸಿಕ್ಕಿತು, ಮಾಮೂಲು ಶುಲ್ಕದ ಮೇಲೆ ಮೂರನೇ ಒಂದು ಭಾಗ ಜಾಸ್ತಿ ಕಟ್ಟಿದರೆ ಆಯಿತು. ಒಳ್ಳೆಯದೇ, ಸಾವಿರಾರು ಕುಟುಂಬಗಳಿಗೆ ನೆಲೆ ಸಿಕ್ಕಿತು. ಆದರೆ ಜಿಪಿಎ ಇದ್ದರೆ ಸಾಕು, ಸರ್ಕಾರವೇ ಒಪ್ಪುತ್ತದೆ ಅನ್ನುವ ನಂಬಿಕೆಯೂ ಗಟ್ಟಿಯಾಯಿತು.

ಆ ನಂಬಿಕೆ ಮುರಿದದ್ದು 11 ಅಕ್ಟೋಬರ್ 2011ರಂದು. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇರವಾಗಿ ಹೇಳಿತು: ಕರಾರು, ಜಿಪಿಎ, ವಿಲ್ ಮೂರೂ ಸೇರಿದರೂ ಅದು ಮಾರಾಟ ಅಲ್ಲ. ಸ್ಥಿರಾಸ್ತಿಯ ಒಡೆತನ ಬದಲಾಗುವುದು ನೋಂದಣಿಯಾದ ಕ್ರಯಪತ್ರದಿಂದ ಮಾತ್ರ. ಜನ ಈ ದಾರಿ ಹಿಡಿಯಲು ಕಾರಣಗಳನ್ನೂ ಕೋರ್ಟ್ ಪಟ್ಟಿ ಮಾಡಿತು. ಮಾರಬಾರದು ಅನ್ನುವ ಷರತ್ತು ತಪ್ಪಿಸುವುದು, ಮುದ್ರಾಂಕ ಶುಲ್ಕ ಉಳಿಸುವುದು, ತೆರಿಗೆ ತಪ್ಪಿಸುವುದು, ಕಪ್ಪುಹಣ ಹಾಕುವುದು, ಪ್ರಾಧಿಕಾರಕ್ಕೆ ಕೊಡಬೇಕಾದ ಏರಿಕೆಯ ಪಾಲು ಕೊಡದಿರುವುದು. ಹೆಂಡತಿಗೋ ಮಗನಿಗೋ ನಿಜವಾಗಿ ವ್ಯವಹಾರ ನೋಡಿಕೊಳ್ಳಲು ಕೊಟ್ಟ ಜಿಪಿಎಗೆ ಏನೂ ತೊಂದರೆ ಇಲ್ಲ ಅಂತಲೂ ಹೇಳಿತು. ಹಳೆಯ ವ್ಯವಹಾರ ಮಾಡಿಕೊಂಡವರು ಈಗಲೂ ಕ್ರಯಪತ್ರ ಮಾಡಿಸಿಕೊಳ್ಳಬಹುದು, ಆ ಕಾಗದ ತೋರಿಸಿ ಪ್ರಾಧಿಕಾರದಲ್ಲಿ ಸಕ್ರಮಕ್ಕೆ ಅರ್ಜಿ ಹಾಕಬಹುದು ಅನ್ನುವ ಬಾಗಿಲನ್ನೂ ತೆರೆದಿಟ್ಟಿತು. 2023ರ ತೀರ್ಪುಗಳಲ್ಲೂ ಜಿಪಿಎಯಿಂದ ಒಡೆತನ ಬರುವುದಿಲ್ಲ ಅನ್ನುವ ಮಾತು ಮತ್ತೆ ಬಂದಿದೆ.

ನಮ್ಮ ಕರ್ನಾಟಕದ ಕಥೆ ಸ್ವಲ್ಪ ಬೇರೆ, ನೋವು ಅದೇ. ಇಲ್ಲಿ ಗೃಹಮಂಡಳಿ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆಗಳಲ್ಲಿ ಬಳಕೆಗೆ ಬಂದದ್ದು ಲೀಸ್-ಕಮ್-ಸೇಲ್ ಅಗ್ರಿಮೆಂಟ್. ಹಂಚಿಕೆಯಾದವರ ಕೈಗೆ ಮೊದಲು ಬರೀ ಲೀಸ್, ಅವಧಿ ಮುಗಿದು ಬಾಕಿ ತೀರಿದ ಮೇಲೆ ಶುದ್ಧ ಕ್ರಯಪತ್ರ. ಬಿಡಿಎ ನಿವೇಶನಗಳಿಗೆ 1984ರ ನಿಯಮದಲ್ಲಿ ಈ ಅವಧಿ 10 ವರ್ಷ. ಬಡವರಿಗೆ ಕೊಡುವ ಹಕ್ಕುಪತ್ರಗಳಲ್ಲೂ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅನ್ನುವ ಷರತ್ತು ಇರುತ್ತದೆ. ಕಷ್ಟ ಬಂದಾಗ ಅವರು ನೋಟರಿ ಕಾಗದದ ಮೇಲೆ ಸಿಕ್ಕಷ್ಟಕ್ಕೆ ಮಾರಿಬಿಡುತ್ತಾರೆ. ನನಗೆ ಜಾಸ್ತಿ ಸಂಕಟವಾಗುವುದು ಇದೇ. ಬಡವರ ಮನೆ ಉಳಿಸಲು ಮಾಡಿದ ಷರತ್ತಿನಿಂದಲೇ ಅವರಿಗೆ ಮಾರುಕಟ್ಟೆ ಬೆಲೆ ಸಿಗದಂತಾಗಿದೆ. ಕೊಂಡವರಿಗೂ ಭದ್ರತೆ ಇಲ್ಲ, ಷರತ್ತು ಮುರಿದರೆ ಹಂಚಿಕೆಯೇ ರದ್ದಾಗಬಹುದು.

ಕೊಳ್ಳುವವರು ಸಾಮಾನ್ಯವಾಗಿ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿ ನಿರಾಳರಾಗುತ್ತಾರೆ. ಅಲ್ಲೇ ಎಡವುವುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿಯ ದಸ್ತಾವೇಜುಗಳು 1ನೇ ಪುಸ್ತಕದಲ್ಲಿ, ವಿಲ್ 3ನೇ ಪುಸ್ತಕದಲ್ಲಿ, ಜಿಪಿಎ 4ನೇ ಪುಸ್ತಕದಲ್ಲಿ ದಾಖಲಾಗುತ್ತವೆ. ಇಸಿ ಬರುವುದು 1ನೇ ಪುಸ್ತಕದಿಂದ. ಹಾಗಾಗಿ ಮನೆ ಎರಡು ಸಲ ಜಿಪಿಎ ಮೇಲೆ ಕೈ ಬದಲಾಗಿದ್ದರೂ ಇಸಿಯಲ್ಲಿ ಒಂದು ಸಾಲೂ ಕಾಣದೇ ಇರಬಹುದು. ಖಾತೆ ನೋಡಿಯೂ ಸುಮ್ನೆ ನಂಬಬೇಡಿ, ಅದು ತೆರಿಗೆ ಕಟ್ಟುವವರ ದಾಖಲೆ, ಒಡೆತನದ ಪತ್ರ ಅಲ್ಲ. ಮೂಲ ಹಂಚಿಕೆ ಪತ್ರ, ಬಾಕಿ ಇಲ್ಲ ಅನ್ನುವ ಪತ್ರ, ಶುದ್ಧ ಕ್ರಯಪತ್ರ ಮೂಲಪ್ರತಿಯಲ್ಲೇ ನೋಡಿ, ಹಂಚಿಕೆಯಾದವರ ಫೈಲ್ ಪ್ರಾಧಿಕಾರದಲ್ಲಿ ಯಾವ ಸ್ಥಿತಿಯಲ್ಲಿದೆ ಅಂತ ಅಲ್ಲೇ ಹೋಗಿ ವಿಚಾರಿಸಿ. ಬ್ಯಾಂಕು ಸಾಲ ಕೊಡಲು ಹಿಂದೆ ಸರಿದರೆ ಯಾಕೆ ಅಂತ ಕೇಳಿ, ಅವರ ವಕೀಲರ ಕಣ್ಣಿಗೆ ಏನೋ ಬಿದ್ದಿರುತ್ತದೆ.

ಈಗಾಗಲೇ ಜಿಪಿಎ ಮೇಲೆ ತೆಗೆದುಕೊಂಡು ಕೂತಿದ್ದರೆ ತಡ ಮಾಡಬೇಡಿ. ಮೂಲ ಹಂಚಿಕೆದಾರರು ಬದುಕಿದ್ದು, ಮಾರಬಾರದ ಅವಧಿಯೂ ಮುಗಿದಿದ್ದರೆ ಅವರ ಹೆಸರಿಗೆ ಮೊದಲು ಶುದ್ಧ ಕ್ರಯಪತ್ರ ಆಗಲಿ, ಅಲ್ಲಿಂದ ನಿಮ್ಮ ಹೆಸರಿಗೆ ನೋಂದಣಿ ಮಾಡಿಸಿಕೊಳ್ಳಿ. ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ, ಒಬ್ಬರು ತಕರಾರು ತೆಗೆದರೂ ಕೆಲಸ ನಿಲ್ಲುತ್ತದೆ. ಕರಾರಿನಂತೆ ಮಾಡಿಕೊಡಿ ಅಂತ ದಾವೆ ಹೂಡಬಹುದು, ಅದಕ್ಕೆ ಕಾಲಮಿತಿ 3 ವರ್ಷ. ಕರಾರಿನಲ್ಲಿ ತಾರೀಕು ಹಾಕಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಮಾಡಿಕೊಡಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ ಲೆಕ್ಕ. ಮನೆ ನಮ್ಮ ವಶದಲ್ಲಿದೆಯಲ್ಲ ಅಂತ ಧೈರ್ಯದಿಂದಿರುವವರು ಇನ್ನೊಂದು ತಾರೀಕನ್ನೂ ನೋಡಿಕೊಳ್ಳಬೇಕು. 24 ಸೆಪ್ಟೆಂಬರ್ 2001ರ ನಂತರ ಮಾಡಿಕೊಂಡ ಕರಾರು ನೋಂದಣಿಯಾಗಿರದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಕಲಂ ವಶದಲ್ಲಿರುವವರಿಗೆ ಕೊಡುವ ರಕ್ಷಣೆ ನಿಮಗೆ ಸಿಗುವುದಿಲ್ಲ.