ಹೊಳವು ನೋಡಿ ಹಿಮಕ್ಕೆ ಹೊರಡಿ

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಬರುವುದು ಒಂದೇ ಪ್ರಶ್ನೆ. ಈ ಸಲ ಮೊದಲು ಕೇಳಿದವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. "ಮಾರಾಯರೇ, ಗುಲ್ಮಾರ್ಗ್‌ನಲ್ಲಿ ಇಪ್ಪತ್ತೆರಡಕ್ಕೆ ಹಿಮ ಬೀಳುತ್ತದೆ ಎಂದು ಮೊಬೈಲ್ ತೋರಿಸುತ್ತಿದೆ. ಮಕ್ಕಳು ಸ್ಕೀಯಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಾರೆ. ಟಿಕೆಟ್ ಮಾಡಿಸಿಬಿಡಲೇ?" ಇಪ್ಪತ್ತೆರಡಕ್ಕೆ ಆಗ ಇನ್ನೂ ಹದಿನಾರು ದಿನ ಬಾಕಿ ಇತ್ತು.

ಶಿವಮೊಗ್ಗದಿಂದ ಪ್ರತಿ ಚಳಿಗಾಲ ಉತ್ತರಾಖಂಡದ ಔಲಿಗೋ ಕಾಶ್ಮೀರದ ಗುಲ್ಮಾರ್ಗ್‌ಗೋ ತಂಡ ಕರೆದುಕೊಂಡು ಹೋಗುವುದು ನನ್ನ ಕೆಲಸ. ನನಗೆ ಸೋಜಿಗವೆನಿಸುವುದು ಇಷ್ಟು: ಇದೇ ಯಜಮಾನರು ಆಷಾಢದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸುವಾಗ "ಮಳೆ ಬರುತ್ತದೆಯೇ" ಎಂದು ಯಾರನ್ನೂ ಕೇಳುವುದಿಲ್ಲ. ಮಳೆ ಬರುತ್ತದೆ, ಅದರಲ್ಲಿ ಕೇಳುವುದೇನಿದೆ? ಹೊಳವು, ಅಂದರೆ ಮಳೆ ಬಿಟ್ಟು ಆಕಾಶ ತೆರೆಯುವ ಬಿಡುವು, ಎಷ್ಟು ಹೊತ್ತು ಸಿಗುತ್ತದೆ, ಗೊನೆಗೆ ಮದ್ದು ಹಿಡಿಯುವಷ್ಟು ಸಿಗುತ್ತದೆಯೇ, ಗಾಳಿ ಎತ್ತಲಿನದು ಎಂದು ಕೇಳುತ್ತಾರೆ. ಹಿಮದ ಮುನ್ಸೂಚನೆಯನ್ನೂ ಹೀಗೆಯೇ ಓದಬೇಕು. ಹಿಮ ಬೀಳುವ ದಿನ ಸ್ಕೀ ಕಲಿಯುವವನಿಗೆ ಅಷ್ಟೇನೂ ಒಳ್ಳೆಯ ದಿನವಲ್ಲ. ಹಿಮ ಬಿದ್ದು, ಮೋಡ ಹರಿದು, ಇಳಿಜಾರನ್ನು ಯಂತ್ರದಿಂದ ತಟ್ಟಿದ ಮೇಲೆ ಬರುವ ಹೊಳವಿನ ದಿನವೇ ಅವನ ದಿನ.

ಮೊಬೈಲಿನ ಚಿತ್ರ ಯಾವ ಎತ್ತರದ್ದು ಎಂಬುದನ್ನು ಮೊದಲು ನೋಡಿ. ಗುಲ್ಮಾರ್ಗ್‌ನ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ, ಅಂದರೆ ಅಲ್ಲಿನ ಕೇಬಲ್ ಕಾರಿನ, ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಮುಟ್ಟಿಸುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಮೋಡ ಕವಿದಾಗ ಈ ಇಳಿಕೆ ಸ್ವಲ್ಪ ಕಡಿಮೆ. ಕೆಳಗೆ 2 ಡಿಗ್ರಿ ಇದ್ದರೆ ತುದಿಯಲ್ಲಿ ಮೈನಸ್ 6ರ ಆಸುಪಾಸು ಎಂದಾಯಿತು. ಮೊಬೈಲ್ ಮಾತ್ರ ಊರಿನ ಹೆಸರಿಗೆ ಒಂದೇ ಅಂಕಿ ಕೊಟ್ಟು ಸುಮ್ಮನಾಗುತ್ತದೆ. ಆಗುಂಬೆಯ ಮಳೆಯನ್ನು ಶಿವಮೊಗ್ಗದ ಲೆಕ್ಕದಲ್ಲಿ ಹೇಳಿದರೆ ನಾವು ನಗುವುದಿಲ್ಲವೇ?

ನಕ್ಕವನೇ ನಾನೂ ಒಮ್ಮೆ ಎಡವಿದೆ. ಔಲಿಗೆ ಹೊರಟಿದ್ದೆವು. ಮುನ್ಸೂಚನೆಯಲ್ಲಿ ಹಿಮದ ಚಿತ್ರವಿತ್ತು, 8 ಮಿಲಿಮೀಟರ್ ಎಂದೂ ಇತ್ತು. ತಂಡಕ್ಕೆ "ನಾಳೆ ಹೊಸ ಹಿಮ" ಎಂದು ಠೇಂಕಾರದಿಂದ ಹೇಳಿದೆ. ಔಲಿಯ ಕೆಳಗಿನ ಊರು ಜೋಶಿಮಠದಲ್ಲಿ 8 ಡಿಗ್ರಿ ಇದ್ದುದನ್ನು ಕಂಡೂ ಲೆಕ್ಕ ಹಾಕಲಿಲ್ಲ. ಜೋಶಿಮಠ 1,900 ಮೀಟರಿನ ಹತ್ತಿರ, ಔಲಿಯ ಇಳಿಜಾರು ಶುರುವಾಗುವುದು 2,500ರಿಂದ. ಅಲ್ಲಿಗೆ 4 ಡಿಗ್ರಿ. ಬಿದ್ದದ್ದು ಮಳೆ, ಅಪ್ಪಟ ಮಲೆನಾಡಿನ ಜಿಟಿಜಿಟಿ ಮಳೆ! ರಾತ್ರಿ ಆಕಾಶ ತೊಳೆದಂತಾಯಿತು, ನೆಂದ ಹಿಮವೆಲ್ಲ ಹೆಪ್ಪುಗಟ್ಟಿತು. ಬೆಳಿಗ್ಗೆ ಸ್ಕೀ ಊರಿದರೆ ಗಾಜಿನ ಮೇಲೆ ಊರಿದ ಹಾಗೆ ಕರಕರ ಸದ್ದು. ಭದ್ರಾವತಿಯ ಒಬ್ಬ ಹುಡುಗ ಬಿದ್ದ ಜಾಗದಿಂದ ಮೂವತ್ತು ಅಡಿ ಕೆಳಗೆ ಹೋಗಿ ನಿಂತ. ಅಂದಿನಿಂದ ನಾನು ಮೊದಲು ಹುಡುಕುವ ಅಂಕಿ ಶೂನ್ಯ ಡಿಗ್ರಿಯ ಎತ್ತರ, ಅಂದರೆ ಮೇಲೇರಿದಂತೆ ತಾಪಮಾನ ಶೂನ್ಯಕ್ಕೆ ಇಳಿಯುವ ಎತ್ತರ. ಬೆಟ್ಟದ ಮುನ್ಸೂಚನೆ ಕೊಡುವ ತಾಣಗಳಲ್ಲಿ ಅದು ಸಿಗುತ್ತದೆ. ಆ ಎತ್ತರದಿಂದ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೂ ಹಿಮ ಕರಗದೆ ಇಳಿಯಬಹುದು, ಅದಕ್ಕಿಂತ ಕೆಳಗೆ ಕೊಡೆ ಬೇಕು.

ಮಿಲಿಮೀಟರ್ ಎಂಬುದು ನೀರಿನ ಲೆಕ್ಕ. 10 ಮಿಲಿಮೀಟರ್ ನೀರಿಗೆ ಸುಮಾರು 10 ಸೆಂಟಿಮೀಟರ್ ಹಿಮ, ಚಳಿ ಕಡುವಾಗಿದ್ದರೆ 15 ಅಥವಾ 20. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯನ್ನು ನೋಡಿದ ಕಣ್ಣಿಗೆ 30 ಮಿಲಿಮೀಟರ್ ಪುಟಗೋಸಿ. ಹಿಮದ ಬೆಟ್ಟದಲ್ಲಿ ಅದು ಮಂಡಿಯವರೆಗಿನ ಹಿಮ, ರಸ್ತೆ ಬಂದ್.

ಈ ಹಿಮ ತರುವವು ಮೆಡಿಟರೇನಿಯನ್ ಕಡೆಯಿಂದ ಗಾಳಿ ಹಿಡಿದು ಬರುವ ಪಶ್ಚಿಮದ ಕ್ಷೋಭೆಗಳು. ನಮ್ಮ ಮುಂಗಾರಿನಂತೆ ಕುಳಿತು ಸುರಿಯುವ ಜಾತಿಯಲ್ಲ, ಬಂದು ಎರಡು ಮೂರು ದಿನದಲ್ಲಿ ದಾಟಿಬಿಡುತ್ತವೆ. ಒಂದು ಬರುತ್ತಿದೆ ಎಂಬುದು ವಾರ ಮೊದಲೇ ಕಾಣಬಹುದು, ಎಷ್ಟು ಸುರಿಯುತ್ತದೆ ಎಂಬುದನ್ನು ಮೂರು ದಿನದೊಳಗಿನ ಮುನ್ಸೂಚನೆಯಿಂದಷ್ಟೇ ನಂಬುತ್ತೇನೆ. ಹದಿನಾರು ದಿನದಾಚೆಯ ಹಿಮದ ಚಿತ್ರ ಪಂಚಾಂಗದ ಮಳೆಗಿಂತ ಹೆಚ್ಚಿನದಲ್ಲ. ಹವಾಮಾನ ಇಲಾಖೆಯ ಪದಗಳನ್ನೂ ಗಮನಿಸಿ. "ಅಲ್ಲಲ್ಲಿ" ಎಂದರೆ ಆ ಪ್ರದೇಶದ ಕಾಲು ಭಾಗ ಹವಾಮಾನ ಕೇಂದ್ರಗಳನ್ನೂ ಮೀರದು, "ಬಹುತೇಕ ಕಡೆ" ಎಂದರೆ ಮುಕ್ಕಾಲಿಗಿಂತ ಹೆಚ್ಚು.

ಆರಿದ್ರಾ, ಪುನರ್ವಸು, ಪುಷ್ಯ ಎಂದು ನಾವು ಮಳೆ ಎಣಿಸುವಂತೆ ಕಾಶ್ಮೀರಿಗಳು ಚಳಿ ಎಣಿಸುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾ-ಇ-ಕಲಾನ್, ಆಮೇಲೆ ಇಪ್ಪತ್ತು ದಿನ ಚಿಲ್ಲಾ-ಇ-ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲಾ-ಇ-ಬಚ್ಚಾ. ನಮ್ಮ ಮಳೆನಕ್ಷತ್ರಗಳ ಹಾಗೆ ಇವೂ ಈಚೆಗೆ ಕೈಕೊಡುತ್ತಿವೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬಯಲು ತಿಂಗಳ ಕೊನೆಯವರೆಗೆ ಒಣಗಿ ಕಂದಾಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮವಿಲ್ಲದೆ ಮಾರ್ಚ್‌ಗೆ ಹೋದವು. ಹಾಗಾಗಿ ನಾಳೆ ಏನು ಬೀಳುತ್ತದೆ ಎನ್ನುವುದಕ್ಕಿಂತ ಈಗಾಗಲೇ ಎಷ್ಟು ಕೂತಿದೆ ಎಂದು ಕೇಳುವುದು ಮೇಲು. ಅಲ್ಲಿನ ತರಬೇತುದಾರರಿಗೆ ಫೋನ್ ಮಾಡಿ, ಇವತ್ತಿನ ಫೋಟೋ ತರಿಸಿಕೊಳ್ಳಿ. ಹೋಟೆಲಿನವರು ಕಳಿಸುವ ಫೋಟೋ ಯಾವ ವರ್ಷದ್ದೋ ದೇವರಿಗೇ ಗೊತ್ತು.

ಅಲ್ಲಿಗೆ ಹೋದ ಮೇಲೆ ಕೈಯೇ ಉಪಕರಣ. ಗವಸಿನಲ್ಲಿ ಹಿಮ ಹಿಡಿದು ಅದುಮಿ. ಅಕ್ಕಿಹಿಟ್ಟಿನಂತೆ ಉದುರಿದರೆ ಒಣ ಹಿಮ, ಪಳಗಿದವರು ಕನಸು ಕಾಣುವಂಥದು, ಕಲಿಯುವವನ ಕಾಲು ಮಾತ್ರ ಅದರಲ್ಲಿ ಹೂತುಹೋಗುತ್ತದೆ. ಕಡುಬಿನಂತೆ ಉಂಡೆ ಕಟ್ಟಿದರೆ ತೇವ ಹಿಡಿದಿದೆ. ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಅಂದಿನ ಪಾಠ ಮುಗಿಸಿ, ಮೊಣಕಾಲು ತಿರುಚುವುದು ಅಂಥ ಹಿಮದಲ್ಲೇ. ಫೆಬ್ರವರಿ ಕೊನೆಗೆ ಬಿಸಿಲಿನ ಇಳಿಜಾರು ಒಂದೇ ದಿನದಲ್ಲಿ ಇವನ್ನೆಲ್ಲ ತೋರಿಸುತ್ತದೆ: ಎಂಟಕ್ಕೆ ಕಲ್ಲು, ಹತ್ತೂವರೆಗೆ ಹದ, ಎರಡಕ್ಕೆ ಕೆಸರು. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮ ಹೆಚ್ಚು ದಿನ ಒಣಗಿರುತ್ತದೆ.

ಗಾಳಿಯನ್ನು ನಮ್ಮವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಮೈನಸ್ 14ರಂತೆ ತಾಗುತ್ತದೆ. ಗೊಂಡೊಲಾದ ಮೇಲಿನ ಹಂತ ನಿಲ್ಲುವುದೂ ಎಷ್ಟೋ ಸಲ ಗಾಳಿಗೆ.

ಇನ್ನೊಂದು ಮಾತು. ಕನ್ನಡ ಪತ್ರಿಕೆಗಳಲ್ಲಿ ಹಿಮಪಾತ ಎಂದರೆ ಹಿಮ ಬೀಳುವುದೂ ಹೌದು, ಬೆಟ್ಟದ ಹಿಮ ಕಳಚಿ ಉರುಳುವುದೂ ಹೌದು. ಮೊದಲನೆಯದನ್ನು ನೋಡಲು ಹೋಗುತ್ತೇವೆ, ಎರಡನೆಯದು ಜೀವ ತೆಗೆಯುತ್ತದೆ. ಅದನ್ನು ನಾನು ಹಿಮಕುಸಿತ ಎನ್ನುತ್ತೇನೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ದಪ್ಪ ಹಿಮ ಬಿದ್ದ ಅಥವಾ ಗಾಳಿ ಹಿಮ ತಂದು ಪೇರಿಸಿದ ಮೊದಲ ಒಂದೆರಡು ದಿನ ಅದರ ಭಯ ಹೆಚ್ಚು. ಹಿಮಕುಸಿತದ ಅಧ್ಯಯನ ಮಾಡುವ, ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಚಳಿಗಾಲದಲ್ಲಿ ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. ಹಗ್ಗ ಕಟ್ಟಿದ ಕಡೆ ದಾಟಬೇಡಿ. ಬಯಲಿನ ಮೆದು ಇಳಿಜಾರಿನಲ್ಲಿ ಕಲಿಯುವ ಮಕ್ಕಳಿಗೆ ಹಗ್ಗದಾಚೆ ಕೆಲಸವೂ ಇಲ್ಲ.

ಯಜಮಾನರಿಗೆ ಫೆಬ್ರವರಿಯ ಮೊದಲ ವಾರ ಹೇಳಿದ್ದೇನೆ. ಎರಡು ದಿನ ಹೆಚ್ಚು ಇಟ್ಟುಕೊಳ್ಳಿ, ದಿನಾಂಕ ಬದಲಿಸಬಹುದಾದ ಟಿಕೆಟ್ ತೆಗೆಯಿರಿ ಎಂದೆ. "ಅಷ್ಟು ಹೊತ್ತಿಗೆ ಗೊನೆ ಕೊಯ್ಲು ಮುಗಿದಿರಬೇಕಲ್ಲ" ಎಂದು ಅವರು ತಮ್ಮ ಲೆಕ್ಕ ಶುರು ಮಾಡಿದರು.